ಸದ್ದಿನ ವಿಳಾಸ

ಗೃಹಸ್ಥನಾದವನಿಗೆ ಸದ್ದಿನ ಶಾಸ್ತ್ರ ಹೊಸದೇನೂ ಅಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದಿನಿಂದಲೇ ಅವನು ಆ ದಿನದ ಹವಾಮಾನವನ್ನು ಅರಿಯಬಲ್ಲ. ಕುಕ್ಕರು ಎಷ್ಟು ಬಾರಿ ಕೂಗಿತೆಂಬುದನ್ನು ಪತ್ರಿಕೆ ಓದುತ್ತಲೇ ಲೆಕ್ಕವಿಡಬಲ್ಲ. ನಡುರಾತ್ರಿಯಲ್ಲಿ ಮಗು ಕೆಮ್ಮಿದರೆ ಅದು ಒಣಕೆಮ್ಮೋ ಕಫದ ಕೆಮ್ಮೋ ಎಂಬುದನ್ನು ತಾಯಿಯಾದವಳು ಕಣ್ಣು ತೆರೆಯದೆಯೇ ಹೇಳುತ್ತಾಳೆ. ಇಷ್ಟೆಲ್ಲ ಚುರುಕಾದ ಕಿವಿಯುಳ್ಳ ನಾವು, ಕಾರಿನ ಎಂಜಿನ್ನಿನಿಂದ ಹೊಸ ಸದ್ದೊಂದು ಕೇಳಿಬಂದೊಡನೆ ಮಾತ್ರ ಏಕೋ ಕಂಗೆಡುತ್ತೇವೆ. ಕೆಲವರು ಕೂಡಲೇ ರೇಡಿಯೋವನ್ನು ಜೋರಾಗಿ ಹಾಕುತ್ತಾರೆ. ಇದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ. ಕೆಲವರು ಮನೆದೇವರಿಗೆ ಹರಕೆ ಹೊರುತ್ತಾರೆ. ಹಿಂದಿನ ಸೀಟಿನಲ್ಲಿ ಭಾವಮೈದುನನಿದ್ದರಂತೂ ಮುಗಿಯಿತು. ಸದ್ದು ಎರಡನೆಯ ಬಾರಿ ಕೇಳುವ ಮೊದಲೇ ಅವನು ರೋಗದ ಹೆಸರನ್ನೂ ಖರ್ಚಿನ ಅಂದಾಜನ್ನೂ ಹೇಳಿಬಿಟ್ಟಿರುತ್ತಾನೆ.

ಕಾರುಳ್ಳವರ ದೂರು ಸಾಮಾನ್ಯವಾಗಿ ಒಂದೇ ತೆರನಾದುದು: "ನಿಂತಾಗ ಏನೂ ಇಲ್ಲ ಸಾರ್, ಪಿಕಪ್ ಕೊಟ್ಟರೆ ಮಾತ್ರ ಸದ್ದು ಬರುತ್ತದೆ." ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಬರಿಗೈಯಲ್ಲಿ ಅಂಗಳದಲ್ಲಿ ಅಡ್ಡಾಡುವ ಮುದುಕನ ಮಂಡಿ ಸುಮ್ಮನಿರುತ್ತದೆ. ಅದೇ ಮುದುಕ ಅಕ್ಕಿಯ ಮೂಟೆ ಹೊತ್ತು ಅಟ್ಟದ ಮೆಟ್ಟಿಲೇರಿದರೆ ಲಟಕ್ಕೆನ್ನುತ್ತದೆ. ನಿಂತಲ್ಲಿ ತಿರುಗುವ ಎಂಜಿನ್ನಿಗೆ ತನ್ನನ್ನು ತಾನು ತಿರುಗಿಸಿಕೊಳ್ಳುವುದಷ್ಟೇ ಕೆಲಸ. ನಾವು ಕಾಲು ಒತ್ತಿದೊಡನೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಸಿಲಿಂಡರಿನೊಳಕ್ಕೆ ಹೆಚ್ಚಾಗಿ ನುಗ್ಗುತ್ತದೆ. ಉರಿಯುವ ಅನಿಲದ ಒತ್ತಡ ಹಲವು ಪಟ್ಟು ಏರುತ್ತದೆ. ಆ ಒತ್ತಡ ಪಿಸ್ಟನ್ನಿನ ತಲೆಯ ಮೇಲೆ ಬಿದ್ದು, ಕನೆಕ್ಟಿಂಗ್ ರಾಡಿನ ಮೂಲಕ ಇಳಿದು, ಕ್ರ್ಯಾಂಕನ್ನು ತಿರುಗಿಸಿ, ಗೇರುಗಳನ್ನು ದಾಟಿ ಚಕ್ರವನ್ನು ಮುಟ್ಟುತ್ತದೆ. ಈ ದಾರಿಯಲ್ಲಿ ಎಲ್ಲಿ ಸಡಿಲವಿದೆಯೋ, ಎಲ್ಲಿ ಬಿರುಕಿದೆಯೋ, ಅದು ಆಗ ಬಾಯಿ ಬಿಡುತ್ತದೆ. ಹತ್ತಾರು ರೋಗಗಳು ಹೊರಕ್ಕೆ ಇಣುಕುವ ಕಿಟಕಿ ಒಂದೇ ಆಗಿರುವುದರಿಂದ, ಇಣುಕುತ್ತಿರುವವರು ಯಾರೆಂದು ವಿಚಾರಿಸಿಕೊಳ್ಳಬೇಕಾದುದು ಮೊದಲ ಕೆಲಸ. ವಿಚಾರಿಸದೆಯೇ ಮನೆಯನ್ನು ಕೆಡವಲು ಹೊರಡುವ ಧೀರರೂ ನಮ್ಮ ನಡುವೆ ಇದ್ದಾರೆ. ನಮ್ಮ ಕಾರಿಗೆ ಅಂಥವರ ಕೈಗೆ ಬೀಳುವ ಪ್ರಸಂಗ ಬಂದಿತ್ತು. ಅದು ಹೇಗೆ ಉಳಿಯಿತೆಂಬುದನ್ನು ಹೇಳುವ ಮೊದಲು ನಮ್ಮ ತೀರ್ಥರೂಪರ ಕಿವಿಯ ವಿಚಾರ ಹೇಳಬೇಕು.

ನಮ್ಮ ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹೆಸರಿಗೆ ತಕ್ಕಂತೆಯೇ ಅಲ್ಲಿ ಬೆಂಕಿ ಹೊತ್ತಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. 1918ರಲ್ಲಿ ಕಾರ್ಖಾನೆಯ ಕೆಲಸ ಮೊದಲಾಗಿ, 1923ರ ಜನವರಿಯಲ್ಲಿ ಕುಲುಮೆಗೆ ಉರಿ ಬಿತ್ತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಿಲು, ಮಗ್ಗುಲಲ್ಲೇ ಭದ್ರಾ ನದಿಯ ನೀರು. ನಮ್ಮ ತಂದೆಯವರು 1958ರಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಅದರ ಬಾಗಿಲು ಹೊಕ್ಕವರು 1996ರಲ್ಲಿ ನಿವೃತ್ತರಾಗಿ ಹೊರಬಂದರು. ನಾನು ಹುಟ್ಟಿ ಬೆಳೆದುದು ನ್ಯೂ ಟೌನಿನ ಕಾರ್ಖಾನೆಯ ವಸತಿಗೃಹದಲ್ಲಿ. ಪಾಳಿ ಬದಲಾಗುವ ಸೈರನ್ನೇ ನಮ್ಮ ಮನೆಯ ಗಡಿಯಾರ. ಅದು ಕೂಗಿದರೆ ತಾಯಿಯವರು ಒಲೆಯ ಮೇಲೆ ಎಸರಿಡುತ್ತಿದ್ದರು. ಮತ್ತೊಮ್ಮೆ ಕೂಗಿದರೆ ನಾವು ಪುಸ್ತಕದ ಚೀಲ ಹೆಗಲಿಗೇರಿಸುತ್ತಿದ್ದೆವು.

ತಂದೆಯವರ ಬಳಿ ಒಂದು ಮೊಳದಷ್ಟು ಉದ್ದದ, ಹಿಡಿದು ಹಿಡಿದು ನುಣುಪಾದ ಬೀಟೆಯ ಕೋಲೊಂದಿತ್ತು. ತಿರುಗುವ ಯಂತ್ರದ ಬೇರಿಂಗಿನ ಮೇಲೆ ಅದರ ಒಂದು ತುದಿಯನ್ನಿಟ್ಟು, ಇನ್ನೊಂದು ತುದಿಯನ್ನು ಕಿವಿಯ ಬಳಿ ಎಲುಬಿಗೆ ಒತ್ತಿ ಅವರು ಆಲಿಸುತ್ತಿದ್ದರಂತೆ. ಕಾರ್ಖಾನೆಯ ಸಾವಿರ ಸದ್ದುಗಳ ನಡುವೆ ಆ ಒಂದು ಬೇರಿಂಗಿನ ಪಿಸುಮಾತು ಮಾತ್ರ ಕೋಲಿನ ಮೂಲಕ ಹರಿದುಬರುತ್ತಿತ್ತು. ವೈದ್ಯರ ಸ್ಟೆತಾಸ್ಕೋಪಿಗೂ ಆ ಕೋಲಿಗೂ ಕುಲದಲ್ಲಿ ಭೇದವಿಲ್ಲ. ಆದರೆ ಮೂವತ್ತೆಂಟು ವರ್ಷ ಕಾರ್ಖಾನೆಯ ಗದ್ದಲವನ್ನು ಕೇಳಿದ ಕಿವಿ ಅದರ ಬೆಲೆಯನ್ನೂ ತೆತ್ತಿತು. ದೊಡ್ಡ ಸದ್ದಿನಲ್ಲಿ ದುಡಿದವರ ಕಿವಿ ಒಮ್ಮೆಗೇ ಮುಚ್ಚಿಹೋಗುವುದಿಲ್ಲ. ಮೊದಲು ಹೋಗುವುದು ಕೀಚಲು ಸ್ವರಗಳು. ಹಕ್ಕಿಯ ಚಿಲಿಪಿಲಿ, ಗೆಜ್ಜೆ, ಮೊಮ್ಮಗಳ ಎಳೆಯ ದನಿ ಮಸುಕಾಗುತ್ತವೆ. ಗುಡುಗು, ರೈಲು, ಒನಕೆಯ ಪೆಟ್ಟು ಮುಂತಾದ ಮಂದ್ರದ ಸದ್ದುಗಳು ಬಹುಕಾಲ ಉಳಿಯುತ್ತವೆ. ನಮ್ಮ ತಂದೆಯವರ ಕಿವಿಯೂ ಹಾಗೆಯೇ ಆಯಿತು. ಬಾಗಿಲ ಗಂಟೆ ಅವರಿಗೆ ಕೇಳಿಸದು. ಬೀದಿಯಲ್ಲಿ ಲಾರಿ ತಿರುಗಿದರೆ ಕೇಳಿಸುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ತಂದೆಯವರು 1986ರಲ್ಲಿ ಒಂದು ಹಳೆಯ ಅಂಬಾಸಡರ್ ಕಾರನ್ನು ಕೊಂಡಿದ್ದರು. ನಿವೃತ್ತಿಯ ತರುವಾಯ ಅವರೊಡನೆ ಅದೂ ಶಿವಮೊಗ್ಗೆಯ ದುರ್ಗಿಗುಡಿಯ ನಮ್ಮ ಮನೆಗೆ ಬಂದು ನೆಲೆಸಿತು. 1957ರಲ್ಲಿ ಹುಟ್ಟಿದ ಆ ಕಾರಿನ ವಂಶ 2014ರಲ್ಲಿ ಕಾರ್ಖಾನೆಯಲ್ಲಿಯೇ ನಿಂತುಹೋಯಿತು. ನಮ್ಮದು ಮಾತ್ರ ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಂಡು, ತಿಂಗಳಿಗೊಮ್ಮೆ ತಂದೆತಾಯಿಯರನ್ನು ಭದ್ರಾವತಿಯ ಹಳೆಯ ಸ್ನೇಹಿತರಲ್ಲಿಗೆ ಕರೆದೊಯ್ಯುತ್ತ, ಉಳಿದ ದಿನಗಳಲ್ಲಿ ಹುಣಿಸೆಮರದ ಕೆಳಗೆ ತೂಕಡಿಸುತ್ತ ಕಾಲ ಕಳೆಯುತ್ತಿತ್ತು. 2022ರ ದೀಪಾವಳಿಯ ಹೊತ್ತಿಗೆ ಅದು ಸದ್ದು ಮಾಡತೊಡಗಿತು. ನಿಂತಲ್ಲಿ ಅಷ್ಟೇನೂ ಕಾಣದು. ತುಂಗೆಯ ಸೇತುವೆಯನ್ನು ದಾಟಿ, ವಿದ್ಯಾನಗರದ ಬಳಿ ವೇಗ ಹೆಚ್ಚಿಸಿದರೆ ಸಾಕು, "ಟಕ ಟಕ ಟಕ" ಎಂದು ಹೊಲಿಗೆಯ ಯಂತ್ರದಂತೆ ಮೊದಲಾಗುತ್ತಿತ್ತು. ಕಾಲು ತೆಗೆದರೆ ಸದ್ದೂ ತಗ್ಗುತ್ತಿತ್ತು.

ನಗರದ ಗ್ಯಾರೇಜೊಂದಕ್ಕೆ ಕೊಂಡೊಯ್ದೆವು. ಅಲ್ಲಿಯವರು ಬಾನೆಟ್ಟನ್ನು ತೆರೆದು, ಎಂಜಿನ್ನನ್ನು ಜೋರಾಗಿ ಓಡಿಸಿ, ನಾಲ್ಕು ಪ್ಲಗ್ಗುಗಳ ವೈರುಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಒಂದನೆಯ ಸಿಲಿಂಡರಿನ ವೈರನ್ನು ತೆಗೆದಾಗ ಸದ್ದು ಅಡಗಿತು. "ಒಂದನೇ ನಂಬರಿನ ಬಿಗ್ ಎಂಡ್ ಬೇರಿಂಗ್ ಹೋಗಿದೆ" ಎಂದು ತೀರ್ಪಾಯಿತು. ಎಂಜಿನ್ನು ಇಳಿಸಬೇಕು, ಕ್ರ್ಯಾಂಕನ್ನು ಅರೆಯಿಸಬೇಕು, ಬಿಚ್ಚಿದ ಮೇಲೆ ಬೋರನ್ನೂ ಮಾಡಿಸಿಬಿಡುವುದು ಒಳ್ಳೆಯದು. ಎಲ್ಲ ಸೇರಿ 60,000 ರೂಪಾಯಿ. ಹಾಗೆಯೇ ಓಡಿಸಿದರೆ ರಾಡು ಎಂಜಿನ್ನಿನ ಹೊಟ್ಟೆಯನ್ನು ಒಡೆದು ಹೊರಬರಬಹುದು ಎಂಬ ಎಚ್ಚರಿಕೆಯನ್ನೂ ಪುಕ್ಕಟೆಯಾಗಿ ಕೊಟ್ಟರು. ಬಿಗ್ ಎಂಡ್ ನಿಜವಾಗಿ ಹೋಗಿದ್ದರೆ ಈ ಎಚ್ಚರಿಕೆಯಲ್ಲಿ ಸುಳ್ಳೇನೂ ಇರಲಿಲ್ಲ.

ಮನೆಯಲ್ಲಿ ಸಭೆ ಸೇರಿತು. ಕಾರನ್ನು ಗುಜರಿಯವರು 25,000 ರೂಪಾಯಿಗೆ ಕೇಳುತ್ತಿದ್ದರು. ಇಪ್ಪತ್ತೈದು ಸಾವಿರದ ವಸ್ತುವಿಗೆ ಅರವತ್ತು ಸಾವಿರದ ಔಷಧವೇ ಎಂದು ಮಗ ಬೆಂಗಳೂರಿನಿಂದ ಫೋನಿನಲ್ಲಿ ಕೇಳಿದ. ಅವನ ಗಣಿತ ಸರಿಯಾಗಿತ್ತು. ತಂದೆಯವರು ಏನನ್ನೂ ಹೇಳಲಿಲ್ಲ. ಕಾರಿನ ಬಳಿಗೆ ಹೋಗಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು ಬಂದರು.

ಅಷ್ಟರಲ್ಲಿ 2023ರ ಜನವರಿ ಬಂತು. ಭದ್ರಾವತಿಯ ಕಾರ್ಖಾನೆಗೆ ನೂರು ತುಂಬಿದ ತಿಂಗಳು. ಅದೇ ತಿಂಗಳಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವೂ ಹೊರಬಿತ್ತು. ಕಾರ್ಮಿಕರು ಪ್ರತಿಭಟನೆಗೆ ಕುಳಿತರು. ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆಯವರು ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ನಾನೂ ಹೋಗಿ ಒಂದು ದಿವಸ ಅವರ ಜೊತೆ ಕೂತು ಬರಬೇಕು" ಎಂದರು. ಬಸ್ಸಿನಲ್ಲಿ ಹೋಗೋಣವೆಂದೆ. ಟ್ಯಾಕ್ಸಿ ಮಾಡೋಣವೆಂದೆ. "ಅಲ್ಲಿಯ ಸಂಬಳದಲ್ಲಿ ತೆಗೆದುಕೊಂಡ ಕಾರಪ್ಪ ಅದು. ಅದರಲ್ಲೇ ಹೋಗೋದು" ಎಂದರು. ಎಂಬತ್ತೈದರ ಹಿರಿಯರು ಇಷ್ಟು ಮಾತನಾಡಿದ ಮೇಲೆ ಎದುರಾಡುವುದು ಶೋಭಿಸುವುದಿಲ್ಲ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿಗಳಿದ್ದಾರೆಂದೂ, ಅಂಬಾಸಡರ್ ಟ್ಯಾಕ್ಸಿಗಳ ಕಾಲದವರೆಂದೂ ನೆರೆಯವರೊಬ್ಬರು ತಿಳಿಸಿದರು. ಕಾರನ್ನು ಮೆಲ್ಲನೆ ನಡೆಸಿಕೊಂಡು ಅಲ್ಲಿಗೆ ಹೋದೆವು. "ಬಿಗ್ ಎಂಡ್ ಹೋಗಿದೆಯಂತೆ" ಎಂದು ನಾನು ಮೊದಲು ಮಾಡುತ್ತಲೇ ಅವರು ಕೈಯೆತ್ತಿ ತಡೆದರು.

"ಕಾಯಿಲೆ ಹೆಸರು ಆಮೇಲೆ ಹೇಳೋಣ ಸಾರ್. ಸದ್ದು ಯಾವಾಗ ಬರುತ್ತೆ, ಯಾವುದರ ಜೊತೆ ಬರುತ್ತೆ, ಎಲ್ಲಿಂದ ಬರುತ್ತೆ, ಅಷ್ಟು ಹೇಳಿ."

ಈ ಮೂರು ಪ್ರಶ್ನೆಗಳಲ್ಲಿ ಇಡೀ ಶಾಸ್ತ್ರ ಅಡಗಿದೆಯೆಂಬುದು ಆ ದಿನ ತಿಳಿಯಿತು.

ಅವರು ಎರಡನೆಯ ಪ್ರಶ್ನೆಯಿಂದ ಮೊದಲಾದರು. ಸದ್ದು ಎಂಜಿನ್ನಿನ ಜೊತೆ ಬರುತ್ತದೆಯೋ ಚಕ್ರದ ಜೊತೆ ಬರುತ್ತದೆಯೋ? ಕಾರನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ನಿಂತಲ್ಲೇ ಎಂಜಿನ್ನಿನ ವೇಗ ಏರಿಸಿದಾಗ ಕ್ಷೀಣವಾಗಿಯಾದರೂ ಸದ್ದು ಕೇಳಿದರೆ ದೋಷ ಎಂಜಿನ್ನಿನಲ್ಲಿ, ಇಲ್ಲವೆ ಅದಕ್ಕೆ ಅಂಟಿಕೊಂಡ ಪರಿವಾರದಲ್ಲಿ. ನಿಂತಾಗ ಎಷ್ಟು ಏರಿಸಿದರೂ ಕೇಳದೆ, ಓಡುವಾಗ ಮಾತ್ರ ಕೇಳಿ, ಕಾರು ಓಡಿದಷ್ಟೂ ಬೇಗ ಬೇಗ ಬಂದರೆ ಪ್ರೊಪೆಲ್ಲರ್ ಶಾಫ್ಟು, ಅದರ ಕೀಲು, ಹಿಂದಿನ ಡಿಫರೆನ್ಷಿಯಲ್ಲು, ಚಕ್ರದ ಬೇರಿಂಗು ಇವುಗಳನ್ನು ಅನುಮಾನಿಸಬೇಕು. ಹೊರಡುವ ಕ್ಷಣದಲ್ಲಿ ಒಂದೇ ಒಂದು ಸಲ "ದಡ್" ಎಂದು ಸುಮ್ಮನಾದರೆ ಎಂಜಿನ್ನನ್ನು ಹೊತ್ತ ರಬ್ಬರಿನ ಮೌಂಟಿಂಗು ಹರಿದಿರಬಹುದು. ಎಂಜಿನ್ನು ಮಗ್ಗುಲಿಗೆ ಹೊರಳಿ ಎಲ್ಲಿಯಾದರೂ ತಗಲುತ್ತದೆ. ನಮ್ಮ ಕಾರು ನಿಂತಲ್ಲಿಯೂ ಮೆಲ್ಲನೆ "ಟಕ ಟಕ" ಎಂದಿತು. ಹಿಂದಿನ ಅರ್ಧ ಕಾರು ನಿರ್ದೋಷಿಯೆಂದು ಬಿಡುಗಡೆಯಾಯಿತು.

ಮುಂದೆ ಒಂದೊಂದೇ ಆರೋಪಿಯ ವಿಚಾರಣೆ. ಮೊದಲನೆಯದು ನಾಕಿಂಗ್. ಟಾಪ್ ಗೇರಿನಲ್ಲಿ ಏರು ಹತ್ತುವಾಗ ತಗಡಿನ ಡಬ್ಬಿಯಲ್ಲಿ ಹರಳು ಕುಲುಕಿದಂತೆ ಕಿಣಿಕಿಣಿಯೆನ್ನುವ ಸದ್ದು ಅದು. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಸಿಲಿಂಡರಿನಲ್ಲಿ ಕ್ರಮವಾಗಿ ಹರಡಬೇಕು. ಕೊನೆಯಲ್ಲಿ ಉಳಿದ ಮಿಶ್ರಣ ತನ್ನ ಸರದಿಗೆ ಕಾಯದೆ ತಾನೇ ಸಿಡಿದರೆ, ಆ ಒತ್ತಡದ ಅಲೆ ಲೋಹವನ್ನು ಬಡಿಯುತ್ತದೆ. ಕಿಡಿ ಬೇಗ ಬೀಳುವುದು, ಪೆಟ್ರೋಲಿನ ಆಕ್ಟೇನ್ ಸಾಲದಿರುವುದು, ಸಿಲಿಂಡರಿನ ತಲೆಯಲ್ಲಿ ಮಸಿ ಗಟ್ಟಿಯಾಗಿರುವುದು, ಎಂಜಿನ್ನು ಅತಿಯಾಗಿ ಕಾಯುವುದು, ಇವು ಅದಕ್ಕೆ ಕಾರಣಗಳು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ಎಂಬಾತ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿ ನಾಕಿಂಗನ್ನು ಅಡಗಿಸಿದ. ಎಂಜಿನ್ನು ಸುಮ್ಮನಾಯಿತು, ಸೀಸ ಜನರ ರಕ್ತವನ್ನು ಸೇರಿತು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು 2000ದ ಫೆಬ್ರವರಿಯಿಂದ ನಿಂತಿತು. ಸದ್ದನ್ನು ಅಡಗಿಸುವುದೇ ರಿಪೇರಿಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮೇಸ್ತ್ರಿಗಳು ಡಿಸ್ಟ್ರಿಬ್ಯೂಟರನ್ನು ಕೊಂಚ ಹಿಂದಕ್ಕೆ ತಿರುಗಿಸಿ ಓಡಿಸಿ ನೋಡಿದರು. ನಾಕಿಂಗ್ ಆಗಿದ್ದರೆ ತಗ್ಗಬೇಕಿತ್ತು, ತಗ್ಗಲಿಲ್ಲ. ಅದನ್ನು ಮೊದಲಿನಂತೆಯೇ ಇಟ್ಟರು.

ಎರಡನೆಯದು ಟ್ಯಾಪೆಟ್. ವಾಲ್ವನ್ನು ಒತ್ತುವ ರಾಕರಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯ ಸಂದು ಇರಬೇಕು. ಈ ಕಾರಿನಲ್ಲಿ ಅದು ಕಾಗದದ ನಾಲ್ಕು ಹಾಳೆಗಳಷ್ಟು ದಪ್ಪ. ಸಂದು ಹೆಚ್ಚಾದರೆ "ಟಿಕ್ ಟಿಕ್" ಎನ್ನುತ್ತದೆ. ಆ ಸದ್ದು ಭಾರಕ್ಕೆ ಹೆದರುವುದಿಲ್ಲ. ನಿಂತಾಗಲೂ ಓಡುವಾಗಲೂ ಒಂದೇ ಸಮನಾಗಿ ನುಡಿಯುತ್ತದೆ. ಮೇಸ್ತ್ರಿಗಳು ಫೀಲರ್ ಗೇಜಿನಿಂದ ಎಂಟು ವಾಲ್ವುಗಳನ್ನೂ ಅಳೆದರು. ಎರಡನ್ನು ಸರಿಪಡಿಸಿದರು. ಸದ್ದು ಹೋಗಲಿಲ್ಲ. ಫ್ಯಾನ್ ಬೆಲ್ಟನ್ನು ಬಿಚ್ಚಿ ಅರೆನಿಮಿಷ ಓಡಿಸಿದರು. ಆಗಲೂ ಹೋಗಲಿಲ್ಲ; ಆದ್ದರಿಂದ ನೀರಿನ ಪಂಪು, ಡೈನಮೋ ಇವೂ ಬಿಡುಗಡೆಯಾದವು.

ಇನ್ನು ಉಳಿದುದು ಬಿಗ್ ಎಂಡ್. ಕನೆಕ್ಟಿಂಗ್ ರಾಡಿನ ಬುಡ ಕ್ರ್ಯಾಂಕನ್ನು ಹಿಡಿಯುವ ಕಡೆಯ ಬೇರಿಂಗು ಅದು. ಅದು ಸವೆದರೆ ಸದ್ದು ಹಗುರಾಗಿರುವುದಿಲ್ಲ. ಮರದ ಬಾಗಿಲನ್ನು ಮುಷ್ಟಿಯಿಂದ ಗುದ್ದಿದಂತೆ ಕೆಳಗಿನಿಂದ ಬರುತ್ತದೆ. ಎಂಜಿನ್ನು ಕಾದು ಎಣ್ಣೆ ತೆಳುವಾದಷ್ಟೂ ಹೆಚ್ಚುತ್ತದೆ. ಮೇಸ್ತ್ರಿಗಳು ಎಣ್ಣೆಯ ಒತ್ತಡವನ್ನು ತಮ್ಮದೇ ಗೇಜು ಹಾಕಿ ಅಳೆದರು. ಒತ್ತಡ ಸರಿಯಾಗಿತ್ತು. ಆದರೂ ಒಂದನೆಯ ಪ್ಲಗ್ಗಿನ ವೈರು ತೆಗೆದರೆ ಸದ್ದು ಅಡಗುತ್ತಿದ್ದುದು ನಿಜ. ಅವರು ಉದ್ದನೆಯ ಸ್ಕ್ರೂಡ್ರೈವರೊಂದನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಗೆ ಕಿವಿಗೊಟ್ಟು ನಿಂತರು. ಅದನ್ನು ನೋಡಿದ ತಂದೆಯವರು ಕುರ್ಚಿಯಿಂದ ಎದ್ದರು. ತಮ್ಮ ಜಾತಿಯವನೊಬ್ಬ ಸಿಕ್ಕನೆಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು.

"ಯಜಮಾನ್ರೇ, ನಿಮಗೆ ಕೇಳಿಸ್ತದಾ?" ಎಂದು ಮೇಸ್ತ್ರಿಗಳು ಕೂಗಿ ಕೇಳಿದರು.

"ಇಲ್ಲಪ್ಪ, ನನಗೆ ಶುರುವಿನಿಂದ ಕೇಳಿಸಿಲ್ಲ. ಇವರೆಲ್ಲ ಹೇಳ್ತಾರೆ, ನಾನು ನಂಬ್ತೀನಿ. ಆದರೆ ಬಿಗ್ ಎಂಡ್ ಆಗಿದ್ದರೆ ನನಗೆ ಕೇಳಬೇಕಿತ್ತು. ದಪ್ಪ ಸದ್ದು ನನಗಿನ್ನೂ ಕೇಳ್ತದೆ."

ಮೇಸ್ತ್ರಿಗಳು ಸ್ಕ್ರೂಡ್ರೈವರನ್ನು ಕೆಳಗಿಟ್ಟು ಒಂದು ಗಳಿಗೆ ಅವರನ್ನೇ ನೋಡಿದರು. ಈ ಮಾತನ್ನು ಮನೆಯಲ್ಲಿ ಅವರು ಹಿಂದೆಯೂ ಆಡಿದ್ದರೇನೋ! ಕಿವುಡರ ಸಾಕ್ಷ್ಯವನ್ನು ಯಾವ ನ್ಯಾಯಾಲಯ ದಾಖಲು ಮಾಡಿಕೊಳ್ಳುತ್ತದೆ? ಮೇಸ್ತ್ರಿಗಳು ಮಾತ್ರ ಮಾಡಿಕೊಂಡರು. ಮಂದ್ರವನ್ನು ಕೇಳಬಲ್ಲ, ತಾರವನ್ನು ಕೇಳಲಾರದ ಕಿವಿಗೆ ಈ ಸದ್ದು ಕೇಳುವುದಿಲ್ಲವೆಂದರೆ ಸದ್ದು ತಾರಸ್ವರದ್ದು. ಎಂದರೆ ಭಾರಿ ಉಕ್ಕಿನ ಗುದ್ದಲ್ಲ. ತೆಳುವಾದುದೇನೋ ಸೀಳಿಕೊಂಡು ಬರುತ್ತಿದೆ.

"ಕಾರಲ್ಲಿ ಕೂತರೆ ಯಾರಿಗಾದರೂ ತಲೆನೋವು ಬರ್ತದಾ?" ಎಂದು ಅವರು ಕೇಳಿದರು.

ನಮ್ಮ ತಾಯಿಯವರಿಗೆ ಮೂರು ತಿಂಗಳಿಂದ ಭದ್ರಾವತಿಗೆ ಹೋಗಿಬಂದಾಗಲೆಲ್ಲ ತಲೆನೋವು. ಅದು ಬಿಸಿಲಿನದೆಂದು ಅವರೇ ತೀರ್ಮಾನಿಸಿ ಅಮೃತಾಂಜನ ಹಚ್ಚಿಕೊಳ್ಳುತ್ತಿದ್ದರು. ಅವರು ಕುಳಿತುಕೊಳ್ಳುವುದು ಮುಂದಿನ ಸೀಟಿನಲ್ಲಿ. ಇದನ್ನು ಹೇಳಿದೊಡನೆ ಮೇಸ್ತ್ರಿಗಳು ಎಂಜಿನ್ನನ್ನು ನಿಲ್ಲಿಸಿದರು. "ಗಾಡಿ ಇವತ್ತು ಇಲ್ಲೇ ಇರಲಿ ಸಾರ್. ಬೆಳಿಗ್ಗೆ ತಣ್ಣಗಿರುವಾಗ ಕೇಳಬೇಕು."

'ಯಾವಾಗ' ಎಂಬ ಪ್ರಶ್ನೆಗೆ ಮರುದಿನ ಬೆಳಿಗ್ಗೆ ಉತ್ತರ ಬಂತು. ರಾತ್ರಿಯೆಲ್ಲ ತಣಿದ ಎಂಜಿನ್ನನ್ನು ಎಬ್ಬಿಸಿದೊಡನೆ ಸದ್ದು ಹಿಂದೆಂದೂ ಇಲ್ಲದಷ್ಟು ಸ್ಪಷ್ಟವಾಗಿ ಕೇಳಿತು. ಹತ್ತು ನಿಮಿಷದಲ್ಲಿ ಎಂಜಿನ್ನು ಕಾದಂತೆ ಕುಗ್ಗಿತು. ಬಿಗ್ ಎಂಡಿನ ನಡತೆ ಇದಕ್ಕೆ ತೀರ ವಿರುದ್ಧವಾದುದು. ಇನ್ನು 'ಎಲ್ಲಿಂದ' ಎಂಬುದು. ತಣ್ಣಗಿದ್ದ ಎಂಜಿನ್ನನ್ನು ಮತ್ತೆ ಪರೀಕ್ಷಿಸುವಾಗ ಅವರ ಹುಡುಗ ದಪ್ಪ ಬಟ್ಟೆಯೊಂದನ್ನು ಸೈಲೆನ್ಸರಿನ ಬಾಯಿಗೆ ಕ್ಷಣಕಾಲ ಒತ್ತಿ ಹಿಡಿದ. ಹಿಂದಕ್ಕೆ ಹೋಗಲು ದಾರಿ ಸಾಲದ ಹೊಗೆ ಮುಂದೆ, ಎಂಜಿನ್ನಿನ ಪಕ್ಕದಲ್ಲೇ "ಚಸ್ ಚಸ್" ಎಂದು ಹಾರಿತು. ಮೇಸ್ತ್ರಿಗಳು ಟಾರ್ಚು ಬಿಟ್ಟು ತೋರಿಸಿದರು. ಸುಟ್ಟ ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡು ಎಂಬ ಬೀಡುಕಬ್ಬಿಣದ ಕೊಳವೆ ಎಂಜಿನ್ನಿಗೆ ಕೂಡುವ ಜಾಗದಲ್ಲಿ, ಒಂದನೆಯ ಸಿಲಿಂಡರಿನ ಬಳಿ, ಕಾಡಿಗೆ ತೀಡಿದಂತೆ ಕಪ್ಪು ಗೆರೆಯೊಂದು ಕಾಣುತ್ತಿತ್ತು. ಅಲ್ಲಿಯ ತಿರುಪು ಮುರಿದಿತ್ತು. ಗ್ಯಾಸ್ಕೆಟ್ಟು ಸುಟ್ಟು ಹೋಗಿತ್ತು.

ಸಂಗತಿ ಇಷ್ಟೇ. ಒಂದನೆಯ ಸಿಲಿಂಡರು ಉರಿದಾಗಲೆಲ್ಲ ಅದರ ಹೊಗೆ ಆ ಸಂದಿನಿಂದ ಚಾಟಿಯ ಹೊಡೆತದಂತೆ ಚಿಮ್ಮುತ್ತಿತ್ತು. ಕಾಲು ಒತ್ತಿದಷ್ಟೂ ಹೊಗೆಯ ಒತ್ತಡ ಹೆಚ್ಚಿ ಸದ್ದೂ ಹೆಚ್ಚುತ್ತಿತ್ತು. ಪ್ಲಗ್ಗಿನ ವೈರು ತೆಗೆದರೆ ಆ ಸಿಲಿಂಡರು ಉರಿಯುವುದೇ ನಿಲ್ಲುವುದರಿಂದ ಸದ್ದೂ ನಿಲ್ಲುತ್ತಿತ್ತು. ಬೇರಿಂಗು ಹೋದರೂ ಹೀಗೆಯೇ ಆಗುತ್ತದೆ, ಗ್ಯಾಸ್ಕೆಟ್ಟು ಹೋದರೂ ಹೀಗೆಯೇ ಆಗುತ್ತದೆ. ಗ್ಯಾರೇಜಿನವರ ಪರೀಕ್ಷೆ ಸುಳ್ಳಾಗಿರಲಿಲ್ಲ. ಒಂದೇ ಪರೀಕ್ಷೆಗೆ ಅವರು ವಿಚಾರಣೆಯನ್ನು ಮುಗಿಸಿದ್ದರು. ಕಬ್ಬಿಣ ಕಾದಾಗ ಹಿಗ್ಗಿ ಸಂದು ಕಿರಿದಾಗುತ್ತಿದ್ದುದರಿಂದ ಬಿಸಿಯಲ್ಲಿ ಸದ್ದು ಕಡಿಮೆಯಾಗುತ್ತಿತ್ತು. ಇನ್ನೊಂದು ಸಂಗತಿ ನಮ್ಮೆಲ್ಲರನ್ನೂ ಮೌನಗೊಳಿಸಿತು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ನಿಗೂ ನಮಗೂ ನಡುವಿನ ತಗಡಿನ ಹಳೆಯ ತೂತುಗಳಿಂದ ಅದು ಒಳಬಂದು ಮುಂದಿನ ಸೀಟಿನಲ್ಲಿ ಕುಳಿತ ನಮ್ಮ ತಾಯಿಯವರನ್ನು ಮಾತನಾಡಿಸುತ್ತಿತ್ತು. ತಲೆನೋವು ಆ ಅನಿಲದ ಮೊದಲ ಮಾತು. ಕಿಟಕಿಗಳು ಮುಚ್ಚಿದ್ದರೆ ಅದರ ಕೊನೆಯ ಮಾತು ಏನಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ.

ರಿಪೇರಿಗೆ ಎರಡು ದಿನ ಹಿಡಿಯಿತು. ಮುರಿದು ಒಳಗೆ ಉಳಿದಿದ್ದ ತಿರುಪಿನ ತುಂಡಿಗೆ ನಟ್ಟೊಂದನ್ನು ವೆಲ್ಡು ಮಾಡಿ, ಕಾಯಿಸಿ, ಮೆಲ್ಲಮೆಲ್ಲನೆ ತಿರುಗಿಸಿ ಹೊರಗೆಳೆದರು. ಕೊಳವೆಯ ಮುಖವನ್ನು ಮಟ್ಟವಾದ ಕಬ್ಬಿಣದ ಹಲಗೆಯ ಮೇಲೆ ನೀಲಿ ಹಚ್ಚಿ ಉಜ್ಜಿ ನೋಡಿದಾಗ ಅದು ಸೊಟ್ಟಗಾಗಿದ್ದುದು ತಿಳಿಯಿತು. ವರ್ಷಗಳಿಂದ ಕಾದು ತಣಿದು ಕಾದು ತಣಿದು ಬೀಡುಕಬ್ಬಿಣ ಹೀಗೆ ಬಾಗುವುದುಂಟು. ಬರಿಯ ಗ್ಯಾಸ್ಕೆಟ್ಟು ಬದಲಿಸಿದ್ದರೆ ಆರು ತಿಂಗಳಲ್ಲಿ ಅದು ಮತ್ತೆ ಸುಡುತ್ತಿತ್ತು. ಲೇತಿನವರಲ್ಲಿ ಮುಖವನ್ನು ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ಟು, ಹೊಸ ತಿರುಪುಗಳು, ಹಿತ್ತಾಳೆಯ ನಟ್ಟುಗಳನ್ನು ಹಾಕಿ, ನಡುವಿನಿಂದ ಎರಡೂ ಕಡೆಗೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದರು. ಒಮ್ಮೆ ಕಾಯಿಸಿ, ತಣಿಸಿ, ಮತ್ತೆ ಬಿಗಿದರು. ತಗಡಿನ ತೂತುಗಳಿಗೆ ಹೊಸ ರಬ್ಬರನ್ನು ಹಾಕಿದರು. ಎಲ್ಲ ಸೇರಿ 2,800 ರೂಪಾಯಿ. ತಂದೆಯವರು ಎರಡು ದಿನವೂ ಅಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೊಳವೆಯ ಮುಖಕ್ಕೆ ನೀಲಿ ಹಚ್ಚುವ ಕೆಲಸವನ್ನು ಮಾತ್ರ ಹುಡುಗನ ಕೈಯಿಂದ ಕಸಿದುಕೊಂಡು ತಾವೇ ಮಾಡಿದರು.

ಮುಂದಿನ ವಾರ ಭದ್ರಾವತಿಗೆ ಹೊರಟೆವು. ಮಲವಗೊಪ್ಪ ಕಳೆಯಿತು. ಮಾಚೇನಹಳ್ಳಿಯ ಫೌಂಡ್ರಿಗಳು ಬಂದವು. ಕಬ್ಬಿಣ ಎರಕಹೊಯ್ಯುವ ವಿದ್ಯೆ ಈ ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ಇನ್ನೂ ಬದುಕಿದೆ. ಮೋಟಾರುಗಳ ಬಿಡಿಭಾಗಗಳು ಇಲ್ಲಿಂದ ದೂರದ ಊರುಗಳಿಗೆ ಹೋಗುತ್ತವೆ. ಕಾರು ಸದ್ದಿಲ್ಲದೆ ಓಡುತ್ತಿತ್ತು. ತಾಯಿಯವರು ಕಿಟಕಿಯ ಬಳಿ ಕಣ್ಮುಚ್ಚಿ ಕುಳಿತಿದ್ದರು. ತಲೆನೋವಿಲ್ಲವೆಂದು ಎರಡು ಬಾರಿ ಹೇಳಿದರು.

ಕಾರ್ಖಾನೆಯ ಬಾಗಿಲ ಬಳಿ ಕಾರ್ಮಿಕರು ಕುಳಿತಿದ್ದರು. ಅವರಲ್ಲಿ ಬಹುಮಂದಿ ನಮ್ಮ ಮಗನ ವಯಸ್ಸಿನವರು. ಹಳಬರೊಬ್ಬರು ತಂದೆಯವರ ಗುರುತು ಹಿಡಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ಸಂಜೆಯವರೆಗೂ ಅವರು ಅಲ್ಲಿಯೇ ಕುಳಿತಿದ್ದರು. ಮಾತು ಅಷ್ಟಾಗಿ ಕೇಳಿಸದಿದ್ದರೂ ಎಲ್ಲರ ಮುಖವನ್ನೂ ನೋಡುತ್ತಿದ್ದರು. ಹೊರಡುವಾಗ ಕುಲುಮೆಯ ಕಡೆಗೆ ತಿರುಗಿ, "ಸದ್ದು ಮಾಡೋ ಯಂತ್ರಾನ ಹೇಗಾದರೂ ರಿಪೇರಿ ಮಾಡಬಹುದಪ್ಪ. ಸುಮ್ಮನಿರೋದಕ್ಕೆ ಕೋಲು ಹಿಡಿದು ಏನು ಕೇಳೋದು?" ಎಂದರು. ನನಗೆ ಉತ್ತರ ತೋಚಲಿಲ್ಲ. ಹಿಂದಿರುಗುವ ದಾರಿಯಲ್ಲಿ ಅವರು ನಿದ್ದೆಹೋದರು.

ಹೊಸ ಕಾರುಗಳ ಒಡೆಯರು ಇದೆಲ್ಲ ಹಳೆಯ ಡಬ್ಬಿಯ ಪುರಾಣವೆಂದು ನಗಬೇಕಾಗಿಲ್ಲ. ಹೊಸ ಎಂಜಿನ್ನಿನಲ್ಲಿ ನಾಕಿಂಗನ್ನು ಕೇಳಲು ಸೆನ್ಸರೆಂಬ ಕಿವಿಯೇ ಇದೆ. ಕೇಳಿದೊಡನೆ ಅದು ಕಿಡಿಯನ್ನು ತಡಮಾಡಿಸುತ್ತದೆ. ಆದರೆ ಹೊಗೆಯ ಕೊಳವೆಗೆ ಮುಚ್ಚಿದ ತಗಡು ಸಡಿಲವಾಗಿ ಒಂದು ನಿರ್ದಿಷ್ಟ ವೇಗದಲ್ಲಿ ಜಾಗಟೆ ಬಾರಿಸಿದರೆ, ಬೆಲ್ಟು ಸವೆದು ಕಿರುಚಿದರೆ, ಮೌಂಟಿಂಗಿನ ರಬ್ಬರು ಹರಿದರೆ, ಮುಂದಿನ ಚಕ್ರದ ಕೀಲು ತಿರುವಿನಲ್ಲಿ ಕಟಕಟಿಸಿದರೆ, ಅದನ್ನು ಕೇಳುವ ಕಿವಿ ಇನ್ನೂ ಮನುಷ್ಯನದೇ. ಕಂಪ್ಯೂಟರಿಗೆ ಅದು ತಿಳಿಯದು. ಎಣ್ಣೆಯ ದೀಪ ಹೊತ್ತಿ ಕೆಳಗಿನಿಂದ ಗುದ್ದಿನ ಸದ್ದು ಬಂದರಂತೂ ಯಾವ ಪ್ರಶ್ನೆಯನ್ನೂ ಕೇಳದೆ ಕೂಡಲೇ ಎಂಜಿನ್ನನ್ನು ನಿಲ್ಲಿಸಿ, ಕಾರನ್ನು ಎಳೆಸಿಕೊಂಡು ಹೋಗಬೇಕು. ಸದ್ದಿನ ಜೊತೆ ತಲೆನೋವೋ ಹೊಗೆಯ ವಾಸನೆಯೋ ಇದ್ದರೆ ಕಿಟಕಿಗಳನ್ನು ತೆರೆದು, ಅದೇ ದಿನ ತೋರಿಸಬೇಕು. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನು ಓಡಿಸಿ ಪರೀಕ್ಷೆ ಮಾಡುವ ಸಾಹಸ ಯಾರಿಗೂ ಬೇಡ. ಓಡುತ್ತಿರುವ ಎಂಜಿನ್ನಿನ ಬಳಿ ಸೆರಗು, ಶಾಲು, ಜಡೆಗಳೂ ಬೇಡ.

ಉಳಿದ ಸದ್ದುಗಳಿಗೆ ಮೇಸ್ತ್ರಿಗಳ ಮೂರು ಪ್ರಶ್ನೆಗಳು ಸಾಕು. ನಮ್ಮಾಕೆ ಈಗ ಕಾರಿನಲ್ಲಿ ಒಂದು ಚಿಕ್ಕ ಪುಸ್ತಕವನ್ನಿಟ್ಟಿದ್ದಾಳೆ. ಸದ್ದು ಯಾವಾಗ ಬಂತು, ತಣ್ಣಗಿದ್ದಾಗಲೋ ಕಾದ ಮೇಲೋ. ಯಾವುದರ ಜೊತೆ ಬಂತು, ಎಂಜಿನ್ನಿನ ಜೊತೆಯೋ ಚಕ್ರದ ಜೊತೆಯೋ. ಎಲ್ಲಿಂದ ಬಂತು, ಎಡಕ್ಕೋ ಬಲಕ್ಕೋ, ಮೇಲಕ್ಕೋ ಕೆಳಕ್ಕೋ ಎಂದು ಅದರಲ್ಲಿ ಬರೆಯುತ್ತಾಳೆ. ಗ್ಯಾರೇಜಿಗೆ ಹೋದಾಗ ಆ ಹಾಳೆಯನ್ನು ಓದಿ ಹೇಳುತ್ತೇವೆ. ರೋಗದ ಹೆಸರನ್ನು ನಾವಾಗಿ ಹೇಳುವುದಿಲ್ಲ. ಭಾವಮೈದುನ ಬಂದಾಗಲೂ ಪುಸ್ತಕವನ್ನು ಅವನ ಕೈಗೇ ಕೊಡುತ್ತೇವೆ. ಬರೆಯುತ್ತ ಕುಳಿತರೆ ಅವನೂ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ.